ಕರೆಂಟ್ ಬಿಲ್ಲಿನ ಬಾಕಿ ಬೆಳೆದು ಕೂತಿದೆಯಾ? ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಕರೆಂಟ್ ಆಫೀಸಿನವನಲ್ಲ, ವಕೀಲನೂ ಅಲ್ಲ. ಬದಿಯಡ್ಕದ ಕಡೆ ಸಣ್ಣ ಅಂಗಡಿ ಇಟ್ಟುಕೊಂಡು ಬಿಲ್ಲು ಕಟ್ಟಿಕೊಡುವುದು, ಅರ್ಜಿ ತುಂಬಿಸಿಕೊಡುವುದು, ಜೆರಾಕ್ಸ್ ತೆಗೆದುಕೊಡುವುದು, ಇಷ್ಟೇ ನನ್ನ ಕೆಲಸ. ಆದರೆ ಮಾರ್ಚ್ ಬಂತೆಂದರೆ ಸಾಕು, ದಿನಕ್ಕೆ ನಾಲ್ಕು ಜನ ಬಿಲ್ಲು ಹಿಡಿದುಕೊಂಡು "ಇದೆಂತ ಮಾರಾಯ್ರೆ, ಕಳೆದ ಸಲ ಇಷ್ಟು ಇರ್ಲಿಲ್ಲ" ಎಂದು ಕೇಳುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳುವುದು? ಅದಕ್ಕೇ ಬರೆದಿಟ್ಟೆ.

ನಾವು ಒಂದು ಬಿಲ್ಲೂ ತಪ್ಪಿಸಿಲ್ಲ. ಆದರೂ ಬಾಕಿ ಎಲ್ಲಿಂದ ಬಂತು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜನ ನಂಬುವುದಿಲ್ಲ, ಆದರೆ ಬಂದ ಬಿಲ್ಲನ್ನೆಲ್ಲ ಸರಿಯಾಗಿ ಕಟ್ಟಿದವರ ತಲೆ ಮೇಲೂ ಬಾಕಿ ಕೂರಬಹುದು. ಬಿಲ್ಲಿನಲ್ಲಿ ಬರೆದ ಮೊತ್ತ ಬೇರೆ, ಮೀಟರಿನಲ್ಲಿ ಓಡಿದ ಯೂನಿಟ್ ಬೇರೆ. ಎರಡೂ ಒಂದೇ ಆಗಿರಬೇಕು ಅಂತ ಇದ್ದರೂ ಕೆಲವು ಸಲ ಆಗುವುದಿಲ್ಲ.

ನಮ್ಮ ಮನೆಯದ್ದೇ ಹೇಳುತ್ತೇನೆ. ಅಜ್ಜನ ಮನೆಯಲ್ಲಿ ದೊಡ್ಡಪ್ಪ ದೊಡ್ಡಮ್ಮ ಇಬ್ಬರೇ. ಬೆಳಿಗ್ಗೆ ತೋಟಕ್ಕೆ ಇಳಿಯುವಾಗ ಗೇಟಿಗೆ ಬೀಗ, ಅಂಗಳದಲ್ಲಿ ನಾಯಿ. ಮೀಟರ್ ಇರುವುದು ಜಗಲಿಯ ಒಳಗೆ. ರೀಡಿಂಗಿಗೆ ಬಂದವರು ಎಂತ ಮಾಡಬೇಕು? ಡೋರ್ ಲಾಕ್ ಎಂದು ಹಾಕಿ, ಹಿಂದಿನ ಮೂರು ಬಿಲ್ಲಿನ ಸರಾಸರಿ ಲೆಕ್ಕದಲ್ಲಿ ಬಿಲ್ಲು ಕೊಟ್ಟರು. ಹಿಂದಿನ ಮೂರು ಅಂದರೆ ಮಳೆಗಾಲದ್ದು. ಫ್ಯಾನ್ ಬೇಡ, ಪಂಪ್ ಹೆಚ್ಚು ಬೇಡ, 180 ಯೂನಿಟ್. ಆದರೆ ಬೀಗ ಹಾಕಿದ್ದು ಡಿಸೆಂಬರಿನಿಂದ ಮಾರ್ಚಿನ ತನಕ. ಆಗ ಬಾವಿ ನೀರು ಕೆಳಗೆ ಹೋಗಿ ಪಂಪು ಎರಡರಷ್ಟು ಹೊತ್ತು ಓಡುತ್ತಿತ್ತು, ನಿಜವಾಗಿ ಖರ್ಚಾದದ್ದು ಸಲಕ್ಕೆ 400 ಯೂನಿಟ್. ಎರಡು ಬಿಲ್ಲು 180 ರಂತೆ ಖುಷಿಯಲ್ಲಿ ಕಟ್ಟಿದೆವು. "ಈ ಸಲ ಬಿಲ್ಲು ಕಮ್ಮಿ ಬಂದಿದೆ" ಎಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದಾಗ ನನಗಾದರೂ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೂರನೇ ಸಲ ಬಾಗಿಲು ತೆರೆದಿತ್ತು, ರೀಡಿಂಗ್ ಆಯಿತು, ಬಿಲ್ಲು ಬಂದದ್ದು 850 ಯೂನಿಟ್ಟಿಗೆ. ಆ ಸಲದ 410, ಹಳೆಯ ಎರಡು ಬಿಲ್ಲಿನಲ್ಲಿ ಬಿಟ್ಟುಹೋದ 440.

ಬೀಗ ಹಾಕಿದ್ದು ನಾವೇ, ಯಾರಿಗೆ ಬೈಯುವುದು.

ಸರಿ, ಬಳಸಿದ್ದಕ್ಕೆ ಕೊಡೋಣ. ಆದರೆ ಒಟ್ಟಿಗೆ ಬಂದರೆ ದರವೂ ಜಾಸ್ತಿ ಆಗುತ್ತದೆ ಅಂತಾರಲ್ಲ?

ಹೌದು, ಆಗಬಹುದು. ಕೇರಳದಲ್ಲಿ ಮನೆ ಕನೆಕ್ಷನ್ನಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು. ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳಿಗೆ 500 ಯೂನಿಟ್ ತನಕ ಮೆಟ್ಟಿಲು ಲೆಕ್ಕ. ಮೊದಲ ಯೂನಿಟ್ಟುಗಳಿಗೆ ಕಮ್ಮಿ ದರ, ಮೇಲೆ ಮೇಲೆ ಹೋದ ಹಾಗೆ ಆ ಮೇಲಿನ ಯೂನಿಟ್ಟುಗಳಿಗೆ ಮಾತ್ರ ಹೆಚ್ಚು ದರ. 500 ದಾಟಿದ ಕೂಡಲೇ ಈ ಮೆಟ್ಟಿಲು ಬಿದ್ದುಹೋಗುತ್ತದೆ, ಮೊದಲನೇ ಯೂನಿಟ್ಟಿನಿಂದಲೇ ಎಲ್ಲದಕ್ಕೂ ಮೇಲಿನ ಒಂದೇ ದರ.

ಈಗ ನಮ್ಮ ಲೆಕ್ಕ ನೋಡಿ. ಮೂರು ಬಿಲ್ಲಿಗೆ ಸೇರಿ 1210 ಯೂನಿಟ್. ಮೂರಕ್ಕೆ ಹಂಚಿದರೆ ಸಲಕ್ಕೆ 403 ಚಿಲ್ಲರೆ, 500 ರ ಒಳಗೇ. ಆದರೆ ಕೊನೆಯ ಬಿಲ್ಲಿಗೆ ರಾಶಿ ಹಾಕಿದರೆ 850, ಅಲ್ಲಿಗೆ ಮೆಟ್ಟಿಲಿನ ಲಾಭ ಹೋಯಿತು. ಹಾಗಾಗಿ ಡೋರ್ ಲಾಕ್ ನಂತರದ ದೊಡ್ಡ ಬಿಲ್ಲು ಬಂದರೆ ಕಟ್ಟುವ ಮೊದಲು ಸೆಕ್ಷನ್ ಆಫೀಸಿಗೆ, ಅಂದರೆ ನಿಮ್ಮ ಊರಿನ ಕರೆಂಟ್ ಆಫೀಸಿಗೆ ಹೋಗಿ, ಯೂನಿಟ್ಟುಗಳನ್ನು ಆಯಾ ಬಿಲ್ಲಿನ ಅವಧಿಗೆ ಹಂಚಿ ಲೆಕ್ಕ ಹಾಕಿದ್ದಾರಾ ಎಂದು ನೋಡಿಸಿ. ಹಂಚದಿದ್ದರೆ ಹಂಚಿಕೊಡಿ ಎಂದು ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಕೌಂಟರ್ ದಾಟಿ ಹೋಗುವುದಿಲ್ಲ, ಕಾಗದ ಹೋಗುತ್ತದೆ.

ಮೀಟರೇ ಹಾಳಾಗಿತ್ತು. ಈಗ ಹಿಂದಿನದ್ದೆಲ್ಲ ಕೊಡಿ ಅಂತಿದ್ದಾರೆ.

ಕೇರಳದ 2014 ರ ಸಪ್ಲೈ ಕೋಡ್, ಅಂದರೆ ಕರೆಂಟ್ ಕೊಡುವವರಿಗೂ ಬಳಸುವವರಿಗೂ ಇರುವ ನಿಯಮಗಳ ಪ್ರಕಾರ ಕೆಟ್ಟ ಮೀಟರಿದ್ದಾಗ ಸರಾಸರಿ ಬಿಲ್ಲು ಹಾಕಬಹುದು, ಆದರೆ ಹೆಚ್ಚೆಂದರೆ ಎರಡು ಬಿಲ್ಲಿನ ಅವಧಿಗೆ. ಅಷ್ಟರಲ್ಲಿ ಅವರು ಮೀಟರ್ ಬದಲಿಸಬೇಕು. ಕಮ್ಮಿ ಹಾಕಿದ್ದನ್ನು ಆಮೇಲೆ ವಸೂಲು ಮಾಡುವ ಹಕ್ಕು ಅವರಿಗಿದೆ, ಆದರೆ ಅಂಥ ಬಿಲ್ಲಿಗೆ ಕನಿಷ್ಠ 30 ದಿನ ಸಮಯ ಕೊಡಬೇಕು. ತಪ್ಪು ಅವರ ಕಡೆಯದ್ದಾದರೆ ಬಡ್ಡಿ ಬಿಡಿ ಎಂದೂ ಕೇಳಿ, ಸುಮ್ನೆ ಇರಬೇಡಿ.

ಎಷ್ಟು ವರ್ಷ ಹಿಂದಕ್ಕೆ ಹೋಗಿ ಕೇಳಬಹುದು?

ಎರಡು ವರ್ಷ ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ಸರಿ. 2003 ರ ವಿದ್ಯುತ್ ಕಾಯ್ದೆಯ 56 ನೇ ಸೆಕ್ಷನ್ನಿನಲ್ಲಿ ಎರಡು ವರ್ಷದ ಮಾತು ಇದೆ: ಹಣ ಮೊದಲು ಬಾಕಿಯಾದ ದಿನದಿಂದ ಎರಡು ವರ್ಷ ಕಳೆದ ಮೇಲೆ ವಸೂಲು ಮಾಡುವಂತಿಲ್ಲ, ಆದರೆ ಆ ಬಾಕಿಯನ್ನು ಪ್ರತಿ ಬಿಲ್ಲಿನಲ್ಲೂ ತೋರಿಸುತ್ತಾ ಬಂದಿದ್ದರೆ ಮಾಡಬಹುದು. ಹಾಗಾಗಿ ಬಿಲ್ಲಿನ ಕೆಳಗೆ ಬಾಕಿ ಎಂದು ಸಣ್ಣದಾಗಿ ಬರುತ್ತದಲ್ಲ, ಅದು ಸುಮ್ನೆ ಅಲ್ಲ.

ಇನ್ನರ್ಧ 2020 ರಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ಒಂದು ಕೇಸಿನಲ್ಲಿ ಹೇಳಿದ್ದು. ಬಿಲ್ಲು ಕೊಟ್ಟ ದಿನದಿಂದಲೇ ಹಣ ಬಾಕಿಯಾಗುವುದು, ಹಿಂದೆ ತಪ್ಪಾಗಿ ಕಮ್ಮಿ ಹಾಕಿದ್ದು ಆಮೇಲೆ ಗೊತ್ತಾದರೆ ಹೆಚ್ಚುವರಿ ಬಿಲ್ಲು ಕೊಡಬಹುದು, ಆದರೆ ಎರಡು ವರ್ಷ ಮೀರಿದ ಅಂಥ ಹಣಕ್ಕಾಗಿ ಕರೆಂಟ್ ಕಟ್ ಮಾಡುವಂತಿಲ್ಲ. ಕಟ್ಟಬೇಕಾಗಿ ಬರಬಹುದು, ಆದರೆ ಕತ್ತಲೆಯಲ್ಲಿ ಕೂರಿಸುವ ಹಾಗಿಲ್ಲ. ಈ ವ್ಯತ್ಯಾಸ ದೊಡ್ಡದು.

ಕೈಯಲ್ಲಿ ಅಷ್ಟು ಹಣ ಇಲ್ಲ. ಕಂತಿನಲ್ಲಿ ಕಟ್ಟಬಹುದಾ?

ಕೇಳಬಹುದು, ಸಿಗುತ್ತದೆ ಕೂಡ. ಆದರೆ ತಾನಾಗಿ ಸಿಗುವುದಿಲ್ಲ. ಸೆಕ್ಷನ್ ಆಫೀಸಿನ ಅಸಿಸ್ಟೆಂಟ್ ಎಂಜಿನಿಯರಿಗೆ ಅರ್ಜಿ ಕೊಡಬೇಕು. ಎಷ್ಟು ಬಾಕಿ, ಈಗ ಎಷ್ಟು ಕಟ್ಟುತ್ತೀರಿ, ಉಳಿದದ್ದು ಎಷ್ಟು ಕಂತು, ಯಾವ ತಾರೀಕಿಗೆ, ಇದನ್ನು ನೀವೇ ಬರೆಯಿರಿ. "ದಯವಿಟ್ಟು ಸಹಾಯ ಮಾಡಿ" ಎಂದು ಎರಡು ಪುಟ ಬರೆಯುವವರಿದ್ದಾರೆ, ಅಂಕಿಯೇ ಇರುವುದಿಲ್ಲ. ಓದುವವರು ಎಂತ ಮಾಡಬೇಕು?

ನಿಮಗೆ ತಾಳುವ ಕಂತು ಕೇಳಿ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎನ್ನುವವರಾದರೆ ಆ ತಿಂಗಳಿಗೆ ದೊಡ್ಡ ಕಂತು ಇಡಿ. ಮಗ ಗಲ್ಫಿನಿಂದ ಕಳಿಸುವ ಹಣ ನಂಬಿಕೊಂಡಿದ್ದರೆ ಅದು ಬರುವ ತಾರೀಕಿನ ಐದು ದಿನ ಆಚೆಗೆ ಗಡುವು ಇಡಿ. ಮತ್ತೆ ಒಂದು ವಿಷಯ: ಕಂತು ನಡೆಯುತ್ತಿರುವಾಗ ಹೊಸ ಬಿಲ್ಲೂ ಬರುತ್ತದೆ, ಅದನ್ನೂ ಕಟ್ಟಬೇಕು. ಜನ ಇದನ್ನು ಮರೆತು ಮೂರನೇ ಕಂತಿಗೆ ಸೋಲುತ್ತಾರೆ.

ಕಂತು ಒಪ್ಪಿದರೆ ಬಡ್ಡಿ ನಿಲ್ಲುತ್ತದಾ?

ಸಾಮಾನ್ಯ ಬಾಕಿಗೆ ನಿಲ್ಲುವುದಿಲ್ಲ. ಗಡುವು ದಾಟಿದ ಮೊದಲ 30 ದಿನಕ್ಕೆ ವರ್ಷಕ್ಕೆ 12 ಶೇಕಡಾ ಲೆಕ್ಕ, ಆಮೇಲೆ 18. ಕೇಳುವಾಗ ಹೆದರಿಕೆ ಆಗುತ್ತದೆ, ಆದರೆ ಲೆಕ್ಕ ಹಾಕಿ: 6000 ರೂಪಾಯಿ ಬಾಕಿಗೆ ಮೊದಲ ತಿಂಗಳು 60 ರೂಪಾಯಿ ಹತ್ತಿರ, ಆಮೇಲೆ ತಿಂಗಳಿಗೆ 90. ಇದನ್ನು ತಪ್ಪಿಸಲು ಬ್ಲೇಡಿನವರ, ಅಂದರೆ ಮೀಟರ್ ಬಡ್ಡಿಯವರ ಹತ್ತಿರ ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಸಾಲ ತಂದವರನ್ನು ನಾನು ನೋಡಿದ್ದೇನೆ. ಅದೇ 6000 ಕ್ಕೆ ತಿಂಗಳಿಗೆ 300! ಸಾಲ ಮಾಡಲೇಬೇಕಾದರೆ ಕುಟುಂಬಶ್ರೀ ಅಯಲ್ಕೂಟದಲ್ಲಿ (ನೆರೆಹೊರೆಯ ಹೆಂಗಸರ ಉಳಿತಾಯ ಗುಂಪು) ಕೇಳಿ, ಇಲ್ಲವೇ ಸರ್ವೀಸ್ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಚಿನ್ನ ಇಡಿ. ನನ್ನನ್ನು ಕೇಳಿದರೆ ಮೊದಲು ಕಂತು, ಅದು ಆಗದಿದ್ದರೆ ಮಾತ್ರ ಸಾಲ.

ಫ್ಯೂಸ್ ಯಾವಾಗ ತೆಗೆಯುತ್ತಾರೆ?

ಬಿಲ್ಲಿನಲ್ಲಿ ಎರಡು ತಾರೀಕು ಇರುತ್ತದೆ. ಒಂದು ದಂಡ ಇಲ್ಲದೆ ಕಟ್ಟುವ ಕೊನೆಯ ದಿನ, ಇನ್ನೊಂದು ಕರೆಂಟ್ ತೆಗೆಯುವ ದಿನ. ಕಾನೂನಿನಲ್ಲಿ 15 ಪೂರ್ತಿ ದಿನದ ಲಿಖಿತ ನೋಟಿಸು ಬೇಕು, ಆ ಬಿಲ್ಲನ್ನೇ ಇಲ್ಲಿ ನೋಟಿಸು ಎಂದು ಲೆಕ್ಕ ಹಿಡಿಯುತ್ತಾರೆ. ಹಾಗಾಗಿ "ನಮಗೆ ನೋಟಿಸೇ ಬರಲಿಲ್ಲ" ಎಂಬ ಜಗಳ ನಿಲ್ಲುವುದು ಕಷ್ಟ. ಲೈನ್‌ಮ್ಯಾನ್ ಬಂದು ನಿಂತ ಮೇಲೆ ಅವರ ಹತ್ತಿರ ಜಗಳ ಆಡಬೇಡಿ, ಅವರ ಕೈಯಲ್ಲಿರುವುದು ಪಟ್ಟಿ ಮಾತ್ರ, ತೀರ್ಮಾನ ಅಲ್ಲ.

ತೆಗೆದ ಮೇಲೆ ಬಾಕಿಯ ಜೊತೆ ಮತ್ತೆ ಕನೆಕ್ಷನ್ ಕೊಡುವ ಫೀಸೂ ಕಟ್ಟಬೇಕು. ಹಾಗೇ ಬಿಟ್ಟು 180 ದಿನ ಕಳೆದರೆ ಕರಾರು ರದ್ದು ಮಾಡಿ ಮೀಟರ್ ಕಳಚಿಕೊಂಡು ಹೋಗಬಹುದು, ಆಮೇಲೆ ಹೊಸ ಕನೆಕ್ಷನ್ನಿನ ಖರ್ಚು. ಕಳಚಿದರೆ ಬಾಕಿ ಮುಗಿಯಿತು ಅಂತಲೂ ಅಲ್ಲ. ಕೇರಳ ರೆವಿನ್ಯೂ ರಿಕವರಿ ಕಾಯ್ದೆಯಡಿ, ಅದು 1968 ರದ್ದು, ತಹಶೀಲ್ದಾರರ ಕಡೆಯಿಂದ ಜಪ್ತಿ ನೋಟಿಸು ಬರಬಹುದು.

ಬಿಲ್ಲೇ ತಪ್ಪು ಅಂತ ನನ್ನ ವಾದ. ಕಟ್ಟದೆ ಕೂತರೆ?

ಕಟ್ಟದೆ ಕೂರಬೇಡಿ, ಪೂರ್ತಿ ಕಟ್ಟಲೂ ಬೇಡಿ. 56 ನೇ ಸೆಕ್ಷನ್ನಿನಲ್ಲೇ ಒಂದು ದಾರಿ ಇದೆ. ತಕರಾರು ಇದೆ ಎಂದು ಬರೆದುಕೊಟ್ಟು, ಅವರು ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ ಲೆಕ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದನ್ನು ಕಟ್ಟಿದರೆ, ತಕರಾರು ತೀರುವ ತನಕ ಕರೆಂಟ್ ತೆಗೆಯುವಂತಿಲ್ಲ. ತಕರಾರಿನೊಂದಿಗೆ ಕಟ್ಟುತ್ತಿದ್ದೇನೆ ಎಂಬ ಮಾತು ಅರ್ಜಿಯಲ್ಲಿ ಇರಲೇಬೇಕು.

ಸೆಕ್ಷನ್ ಆಫೀಸಿನಲ್ಲಿ ಆಗಲಿಲ್ಲ ಅಂದರೆ ಕೋಝಿಕ್ಕೋಡಿನಲ್ಲಿರುವ ಗ್ರಾಹಕ ದೂರು ಪರಿಹಾರ ವೇದಿಕೆಗೆ ಬರೆಯಿರಿ, ನಮ್ಮ ಉತ್ತರದ ಜಿಲ್ಲೆಗಳೆಲ್ಲ ಅಲ್ಲಿಗೇ ಸೇರಿದ್ದು. ಅಲ್ಲಿಯ ತೀರ್ಪು ಒಪ್ಪಿಗೆ ಆಗದಿದ್ದರೆ 30 ದಿನದ ಒಳಗೆ ಎರ್ನಾಕುಳಂನಲ್ಲಿರುವ ವಿದ್ಯುತ್ ಓಂಬುಡ್ಸ್‌ಮನ್, ಅಂದರೆ ಮೇಲ್ಮನವಿ ಕೇಳುವ ಅಧಿಕಾರಿಗೆ ಬರೆಯಿರಿ. ವಕೀಲರು ಬೇಕೇ ಬೇಕು ಅಂತಿಲ್ಲ, ಕಾಗದಗಳು ಸಾಲಾಗಿ ಇರಬೇಕು.

ಡೆಪಾಸಿಟ್ ಜಾಸ್ತಿ ಮಾಡಿ ಅಂತ ಬಂದಿದೆ. ಇದು ಬಾಕಿಯಾ?

ಬಾಕಿ ಅಲ್ಲ, ಆದರೆ ಕಟ್ಟದಿದ್ದರೆ ಬಾಕಿಯ ಹಾಗೇ ನೋಡುತ್ತಾರೆ. ಎರಡು ತಿಂಗಳಿಗೊಮ್ಮೆ ಬಿಲ್ಲು ಬರುವ ಮನೆಗೆ ಮೂರು ತಿಂಗಳ ಸರಾಸರಿ ಬಿಲ್ಲಿನಷ್ಟು ಡೆಪಾಸಿಟ್ ಇರಬೇಕು. ನಿಮ್ಮ ಬಳಕೆ ಏರಿದರೆ ಅದೂ ಏರುತ್ತದೆ. ಆ ಹಣ ನಿಮ್ಮದೇ, ಅದಕ್ಕೆ ವರ್ಷವೂ ಬಡ್ಡಿ ಬಿಲ್ಲಿನಲ್ಲಿ ಕಳೆದು ಬರುತ್ತದೆ. ಬರುತ್ತಿದೆಯಾ ಎಂದು ನೋಡಿ.

ಬಾಡಿಗೆಯವರು ಬಾಕಿ ಇಟ್ಟು ಓಡಿಹೋದರು.

ಕನೆಕ್ಷನ್ ನಿಮ್ಮ ಹೆಸರಲ್ಲಿದ್ದರೆ ಬಾಕಿ ನಿಮ್ಮದೇ. ಬಾಡಿಗೆ ಕೊಡುವಾಗ ಅಡ್ವಾನ್ಸಿನಲ್ಲಿ ಎರಡು ಬಿಲ್ಲಿನಷ್ಟು ಹಿಡಿದಿಡಿ, ಖಾಲಿ ಮಾಡುವ ದಿನ ಮೀಟರಿನ ಫೋಟೋ ತೆಗೆಯಿರಿ.

ಹಳೆ ಮನೆ ಕೊಂಡುಕೊಂಡವರೂ ಜಾಗ್ರತೆ. ಮಾರಿದವರ ಬಾಕಿ ನನಗೆ ಸಂಬಂಧ ಇಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಕೇರಳದಿಂದಲೇ ಹೋದ ಕೆ.ಸಿ. ನೈನಾನ್ ಕೇಸಿನಲ್ಲಿ 2023 ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಆ ಜಾಗದ ಹಳೆ ಬಾಕಿ ತೀರಿಸಿದರೆ ಮಾತ್ರ ಹೊಸ ಕನೆಕ್ಷನ್ ಎಂಬ ನಿಯಮ ಮಾಡಲು ಅಡ್ಡಿಯಿಲ್ಲ ಎಂದಿತು. ರಿಜಿಸ್ಟ್ರಿಗೆ ಮೊದಲು ಕನ್ಸ್ಯೂಮರ್ ನಂಬರ್ ಕೇಳಿ ಬಾಕಿ ಎಷ್ಟಿದೆ ನೋಡಿಬಿಡಿ, ಐದು ನಿಮಿಷದ ಕೆಲಸ.

ತುಂಬಾ ಹಳೆಯ ಬಾಕಿ, ಬಡ್ಡಿಯೇ ಅಸಲಿಗಿಂತ ಹೆಚ್ಚಾಗಿದೆ.

ಆಗೊಮ್ಮೆ ಈಗೊಮ್ಮೆ ಒಂದೇ ಸಲ ತೀರಿಸುವ ಯೋಜನೆ ಬರುತ್ತದೆ, ಓಟಿಎಸ್ ಅಂತಾರೆ. 2023 ರಲ್ಲಿ ಬಂದಿತ್ತು, ಎರಡು ವರ್ಷ ಮೀರಿದ ಬಾಕಿಗೆ ಬಡ್ಡಿಯನ್ನು 18 ರಿಂದ ತುಂಬಾ ಕೆಳಗೆ ಇಳಿಸಿದ್ದರು. ಈಗ ನಡೆಯುತ್ತಿದೆಯಾ ಎಂದು 1912 ಕ್ಕೆ ಫೋನ್ ಮಾಡಿ ಕೇಳಿ. ಆದರೆ ಇದು ಬರುತ್ತದೆ ಎಂದು ಕಾದು ಹೊಸ ಬಾಕಿ ಬೆಳೆಸುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ರಿಯಾಯಿತಿ ಯಾರಿಗೆಲ್ಲ ಸಿಗುತ್ತದೆ?

ಸಿಗಬೇಕಾದವರೇ ಕೇಳದೆ ಬಿಡುವುದು ಇಲ್ಲಿ. ಎಂಡೋಸಲ್ಫಾನ್ ಸಂತ್ರಸ್ತರಿರುವ ಮನೆಗಳಿಗೆ ಕೇರಳದ ದರಪಟ್ಟಿಯಲ್ಲೇ ತಿಂಗಳಿಗೆ 150 ಯೂನಿಟ್ ತನಕ ಬೇರೆ ಕಡಿಮೆ ದರ ಇದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯವರು ಪಟ್ಟಿಯಲ್ಲಿ ಹೆಸರಿದ್ದೂ ಕರೆಂಟ್ ಆಫೀಸಿಗೆ ಕಾಗದ ಕೊಟ್ಟಿರುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥ ಜೀವ ಉಳಿಸುವ ಉಪಕರಣದ ಮೇಲೆ ಇರುವ ರೋಗಿಗಳಿದ್ದರೆ ಅದರ ಕರೆಂಟಿಗೂ ರಿಯಾಯಿತಿ ಇದೆ, ಡಾಕ್ಟರ ಸರ್ಟಿಫಿಕೇಟ್ ಬೇಕು. ಬಿಪಿಎಲ್ ಮನೆ, ಕಮ್ಮಿ ಲೋಡು, ಕಮ್ಮಿ ಬಳಕೆ ಇದ್ದವರಿಗೂ ಕಡಿಮೆ ದರ ಉಂಟು. ಸಣ್ಣ ಕೃಷಿಕರ ತೋಟದ ಪಂಪಿಗೆ ಕೃಷಿ ಭವನದ ಮೂಲಕ ಉಚಿತ ಕರೆಂಟ್, ಅದಕ್ಕೂ ಅರ್ಜಿ ಹಾಕಿರಬೇಕು. ಹಾಗೆಂದು ತೋಟದ ಪಂಪಿನ ಲೈನಿನಿಂದ ಮನೆಗೆ ವೈರು ಎಳೆಯಬೇಡಿ. ಸಿಕ್ಕಿಬಿದ್ದರೆ 126 ನೇ ಸೆಕ್ಷನ್, ಎರಡು ಪಟ್ಟು ದರದಲ್ಲಿ ಲೆಕ್ಕ. ಅಲ್ಲಿಂದ ಶುರುವಾಗುವ ಬಾಕಿ ಬೇರೆಯೇ ಕತೆ.

ಪುತ್ತೂರಿನ ಅಕ್ಕನ ಮನೆಗೆ ಬಿಲ್ಲೇ ಇಲ್ಲ. ನಮಗೆ ಯಾಕೆ?

ಅದು ಕರ್ನಾಟಕದ ಗೃಹಜ್ಯೋತಿ, 2023 ರಲ್ಲಿ ಶುರುವಾದದ್ದು, 200 ಯೂನಿಟ್ ತನಕ. ನಾವಿರುವುದು ಕೇರಳದಲ್ಲಿ. ಗಡಿಯ ಆಚೆ ಮೆಸ್ಕಾಂ, ಈಚೆ ಕೆಎಸ್‌ಇಬಿ, ಭಾಷೆ ಒಂದೇ ಆದರೂ ಮೀಟರ್ ಬೇರೆ. ಈ ಪ್ರಶ್ನೆಯನ್ನು ದಯವಿಟ್ಟು ಅಕ್ಕನ ಮನೆಯಿಂದ ಊಟ ಮಾಡಿ ಬಂದ ದಿನವೇ ಕೇಳಬೇಡಿ.

ಮುಂದೆ ಹೀಗಾಗದ ಹಾಗೆ ಎಂತ ಮಾಡುವುದು?

ತಿಂಗಳ ಒಂದನೇ ತಾರೀಕು ಮೀಟರಿನ ಫೋಟೋ ತೆಗೆಯಿರಿ. ಕೆಡಬ್ಲ್ಯುಎಚ್ ಎಂದು ಬರುವ ಅಂಕಿ ಸಾಕು. ಬಿಲ್ಲಿನಲ್ಲಿರುವ ರೀಡಿಂಗ್ ಅದರ ಹತ್ತಿರ ಇದೆಯಾ ನೋಡಿ. ಬಿಲ್ಲು ಇದ್ದಕ್ಕಿದ್ದಂತೆ ಕಮ್ಮಿ ಬಂದರೆ ಖುಷಿಪಡಬೇಡಿ, ಅನುಮಾನಪಡಿ, ದೊಡ್ಡಮ್ಮನ ಫೋನು ನೆನಪಿಡಿ. ಬೀಗ ಹಾಕುವ ಮನೆಯಾದರೆ ರೀಡಿಂಗ್ ದಿನಕ್ಕೆ ಪಕ್ಕದ ಮನೆಯವರಿಗೆ ಕೀಲಿಕೈ ಕೊಡಿ, ಇಲ್ಲವೇ ಮೀಟರನ್ನು ಹೊರಗೋಡೆಗೆ ಸ್ಥಳಾಂತರಿಸಿ. ನಾವು ಕೊನೆಗೆ ಅದನ್ನೇ ಮಾಡಿದೆವು. ನಾಯಿ ಈಗಲೂ ಇದೆ.

ಎರಡು ತಿಂಗಳ ಬಿಲ್ಲು ಎಂದರೆ ಒಂದು ತಿಂಗಳು ಬಿಲ್ಲೇ ಇಲ್ಲ ಎಂದು ಜೇಬಿಗೆ ಅನಿಸುತ್ತದೆ. ಆ ಖಾಲಿ ತಿಂಗಳಲ್ಲೇ ಹಣ ಮದುವೆಗೋ ಪೂಜೆಗೋ ಹೋಗುವುದು. ಅರ್ಧ ತೆಗೆದಿಡಿ.

ಮತ್ತೆ ಬಳಕೆ. ಸಾವಿರ ವ್ಯಾಟಿನದ್ದು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಒಂದು ಎಚ್‌ಪಿ ಪಂಪು ಗಂಟೆಗೆ ಮುಕ್ಕಾಲು ಯೂನಿಟ್ ಹತ್ತಿರ. ಹಳೆ ಫ್ಯಾನು 75 ವ್ಯಾಟು, ಹೊಸ ಬಿಎಲ್‌ಡಿಸಿ ಫ್ಯಾನು ಅದರ ಅರ್ಧಕ್ಕೂ ಕಮ್ಮಿ. ಎಲ್ಲ ಸ್ವಿಚ್ಚು ಆರಿಸಿ ಮೀಟರಿನ ಕೆಂಪು ದೀಪ ನೋಡಿ. ಮಿಣುಕುತ್ತಲೇ ಇದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಇಲ್ಲವೇ ಯಾವುದೋ ಪ್ಲಗ್ ಮರೆತಿದ್ದೀರಿ. ಸೋರಿಕೆ ಬಿಲ್ಲಿಗಿಂತ ಜೀವಕ್ಕೆ ಅಪಾಯ, ಎಲೆಕ್ಟ್ರಿಷಿಯನ್ನರನ್ನು ಕರೆಸಿ.

"ಇಂದು ರಾತ್ರಿ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ" ಎಂದು ಮೆಸೇಜ್ ಬಂದಿದೆ.

ಮೋಸ. ಅಳಿಸಿ ಹಾಕಿ. ಒಟಿಪಿ ಯಾರಿಗೂ ಹೇಳಬೇಡಿ.

ಅರ್ಜಿಯನ್ನು ಕನ್ನಡದಲ್ಲಿ ಕೊಡಬಹುದಾ?

ಕೊಡಿ. ಕೇರಳದ 1969 ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡದ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಮಾತು ಇದೆ. ಆದರೆ ಫೈಲು ಕೋಝಿಕ್ಕೋಡಿಗೆ ಹೋಗುವುದಾದರೆ ಓದುವವರಿಗೆ ಕನ್ನಡ ಬರಬೇಕಲ್ಲ. ನಾನು ಕನ್ನಡದ್ದರ ಜೊತೆ ಒಂದು ಮಲಯಾಳಂ ಪ್ರತಿ ಇಟ್ಟು ಕಳಿಸುತ್ತೇನೆ. ಹಕ್ಕೂ ಉಳಿಯಿತು, ಕೆಲಸವೂ ಆಯಿತು. ನಾವು ದೊಡ್ಡಪ್ಪನ ಹೆಸರಲ್ಲಿ ಕೊಟ್ಟದ್ದು ಇಷ್ಟೇ:

"ನನ್ನ ಕನ್ಸ್ಯೂಮರ್ ನಂಬರಿಗೆ ಬಂದ ಈ ಬಿಲ್ಲು 850 ಯೂನಿಟ್ಟಿನದ್ದು. ಇದರಲ್ಲಿ 440 ಯೂನಿಟ್ ಹಿಂದಿನ ಎರಡು ಡೋರ್ ಲಾಕ್ ಬಿಲ್ಲುಗಳ ಅವಧಿಯದ್ದು. ಒಟ್ಟು 1210 ಯೂನಿಟ್ಟುಗಳನ್ನು ಮೂರು ಬಿಲ್ಲಿನ ಅವಧಿಗೆ ಹಂಚಿ, ಕಟ್ಟಿದ ಹಣ ಕಳೆದು, ಹೊಸ ಲೆಕ್ಕ ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ. ಬಾಕಿಯನ್ನು ನಾಲ್ಕು ಕಂತಿನಲ್ಲಿ, ಪ್ರತಿ ತಿಂಗಳ 10 ರ ಒಳಗೆ ಕಟ್ಟುತ್ತೇನೆ. ಮೂರು ಬಿಲ್ಲಿನ ಪ್ರತಿ ಮತ್ತು ಮೀಟರಿನ ಫೋಟೋ ಜೊತೆಗಿದೆ."

ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ತಾರೀಕು ಬರೆಸಿ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ.